ಬ್ರೌಸರಿನ ಹೊಲದಲ್ಲಿ ಕಳೆ ಕೀಳುವುದು ಹೇಗೆ?



ಸಂತ ಮತ್ತಾಯರ ಶುಭಸಂದೇಶವನ್ನು ಓದುವ 'ಎ' ವರ್ಷದಲ್ಲಿ, ಸಾಧಾರಣ ಕಾಲದ 16ನೇ ಭಾನುವಾರ ಗೋಧಿ ಮತ್ತು ಕಳೆಯ ಸಾಮತಿ ಬರುತ್ತದೆ. ಯಜಮಾನನು ಒಳ್ಳೆಯ ಬೀಜವನ್ನೇ ಬಿತ್ತಿರುತ್ತಾನೆ. ಜನ ನಿದ್ರಿಸುತ್ತಿರುವಾಗ ವೈರಿ ಬಂದು ಕಳೆ ಬಿತ್ತಿ ಹೋಗುತ್ತಾನೆ. ಕಿತ್ತುಹಾಕೋಣವೇ ಎಂದು ಆಳುಗಳು ಕೇಳಿದರೆ ಯಜಮಾನ ಬೇಡ ಎನ್ನುತ್ತಾನೆ. ಕಳೆಯೊಡನೆ ಗೋಧಿಯೂ ಬೇರುಸಹಿತ ಬಂದೀತೆಂಬುದು ಅವನ ಚಿಂತೆ.

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ನಮ್ಮ ರೈತ ಕುಟುಂಬಗಳಿಗೆ ಈ ಸಾಮತಿಯನ್ನು ವಿವರಿಸುವಾಗ ಗುರುಗಳಿಗೆ ಸ್ವಲ್ಪ ಇಕ್ಕಟ್ಟೇ. ತೊಗರಿ ಹೊಲದಲ್ಲಿ ಕಸ ಬೆಳೆಯಲು ಬಿಟ್ಟವನನ್ನು ಇಲ್ಲಿ ಯಾರೂ ಜಾಣನೆನ್ನುವುದಿಲ್ಲ. ಆದರೆ ಸಾಮತಿಯಲ್ಲಿ ಹೇಳಿದ ಕಳೆ ಎಳೆಯದಿದ್ದಾಗ ಥೇಟ್ ಗೋಧಿಯಂತೆಯೇ ಕಾಣುವ ಒಂದು ಹುಲ್ಲು ಎಂದು ಪವಿತ್ರ ಗ್ರಂಥದ ವಿದ್ವಾಂಸರು ಹೇಳುತ್ತಾರೆ. ತೆನೆ ಬಂದಾಗಲೇ ಅದರ ಗುರುತು ಹತ್ತುವುದು. ಹಾಗಾಗಿ ಯಜಮಾನನದು ಸೋಮಾರಿತನವಲ್ಲ. ಯಾವುದು ಗೋಧಿ, ಯಾವುದು ಕಳೆ ಎಂದು ತಿಳಿಯದೆ ಕೈಹಾಕಬೇಡಿ ಎಂಬುದು ಅವನ ಮಾತು. ಈ ಸಾಮತಿಯ ನಿಜವಾದ ಅರ್ಥವನ್ನು ಯೇಸುಸ್ವಾಮಿಯೇ ಶಿಷ್ಯರಿಗೆ ಬಿಡಿಸಿ ಹೇಳಿದ್ದಾರೆ. ಅದು ಯುಗಾಂತ್ಯದ ತೀರ್ಪಿಗೆ ಸಂಬಂಧಿಸಿದ್ದು, ಮೊಬೈಲಿಗಲ್ಲ. ಆದರೂ ಇಂದು ಪ್ರತಿ ಮನೆಯಲ್ಲೂ ಇರುವ ಇನ್ನೊಂದು ಹೊಲದ ಬಗ್ಗೆ ಮಾತನಾಡಲು ಇದಕ್ಕಿಂತ ಹತ್ತಿರದ ಹೋಲಿಕೆ ಸಿಗುವುದಿಲ್ಲ.

ಮಗಳ ಎಸ್ಸೆಸ್ಸೆಲ್ಸಿ ಫಲಿತಾಂಶ ನೋಡಲು, ಪಹಣಿ ತೆಗೆಯಲು, ವಿದ್ಯಾರ್ಥಿವೇತನದ ಅರ್ಜಿ ಯಾವ ಹಂತದಲ್ಲಿದೆ ಎಂದು ತಿಳಿಯಲು ನಾವು ಮೊಬೈಲಿನಲ್ಲಿ ಬ್ರೌಸರ್ ತೆರೆಯುತ್ತೇವೆ. ಕೇಳಿದ್ದು ಒಂದು ಪುಟ. ಬರುವುದು ಅದರ ಜೊತೆಗೆ ಹತ್ತಾರು ಜಾಹೀರಾತು, ತಾನಾಗಿಯೇ ತೆರೆಯುವ ಇನ್ನೊಂದು ಕಿಟಕಿ, 'ನಿಮ್ಮ ಫೋನಿಗೆ ವೈರಸ್ ಬಂದಿದೆ' ಎಂಬ ಸುಳ್ಳು ಎಚ್ಚರಿಕೆ, ರಮ್ಮಿ ಮತ್ತು ಬೆಟ್ಟಿಂಗಿನ ಆಹ್ವಾನ. ಇವೆಲ್ಲಾ ಎಲ್ಲಿಂದ ಬಂದವು? ಬಹುಪಾಲು ಸ್ಕ್ರಿಪ್ಟುಗಳಿಂದ.

ಸ್ಕ್ರಿಪ್ಟ್ ಎಂದರೆ ಪುಟದೊಡನೆ ಬಂದು ನಮ್ಮ ಬ್ರೌಸರಿನೊಳಗೇ ಕೆಲಸ ಮಾಡುವ ಸಣ್ಣ ಆದೇಶಗಳ ಪಟ್ಟಿ. ಮೊದಮೊದಲು ಅಂತರ್ಜಾಲದ ಪುಟಗಳು ಮುದ್ರಿತ ಹಾಳೆಯಂತೆ ನಿಶ್ಚಲವಾಗಿದ್ದವು. 1995ರಲ್ಲಿ ನೆಟ್‌ಸ್ಕೇಪ್ ಎಂಬ ಕಂಪನಿಯಲ್ಲಿದ್ದ ಬ್ರೆಂಡನ್ ಐಕ್ ಎಂಬುವರು ಹತ್ತೇ ದಿನಗಳಲ್ಲಿ ಜಾವಾಸ್ಕ್ರಿಪ್ಟ್ ಭಾಷೆಯ ಮೊದಲ ರೂಪವನ್ನು ಸಿದ್ಧಪಡಿಸಿದರು. ಅಂದಿನಿಂದ ಪುಟಗಳಿಗೆ ಜೀವ ಬಂತು. ಪಹಣಿಯ ಪುಟದಲ್ಲಿ ಜಿಲ್ಲೆಯನ್ನು ಆರಿಸಿದ ಕೂಡಲೇ ತಾಲೂಕುಗಳ ಪಟ್ಟಿ ಬರುವುದು, ತಾಲೂಕು ಆರಿಸಿದರೆ ಹೋಬಳಿ ಬರುವುದು ಇಂಥ ಸ್ಕ್ರಿಪ್ಟಿನ ಕೆಲಸ. ಇದು ಗೋಧಿ.

ತೊಂದರೆ ಇರುವುದು ಬೇರೆ ಕಡೆ. ಒಂದು ಪುಟವು ತನ್ನ ಸ್ವಂತ ಸ್ಕ್ರಿಪ್ಟನ್ನಲ್ಲದೆ ಹೊರಗಿನವರ ಸ್ಕ್ರಿಪ್ಟುಗಳನ್ನೂ ಕರೆಯಬಹುದು. ಜಾಹೀರಾತು ಕಂಪನಿಯದೊಂದು, ಓದುಗರನ್ನು ಎಣಿಸುವವರದೊಂದು, ಅಕ್ಷರದ ಅಂದ ಒದಗಿಸುವವರದೊಂದು. ಬ್ರೌಸರ್ ನಮ್ಮನ್ನು ಕೇಳುವುದಿಲ್ಲ. ಎಲ್ಲವನ್ನೂ ತಂದು ಓಡಿಸುತ್ತದೆ. ಹಾಗೆ ಬಂದ ಅತಿಥಿಗೆ ಆ ಪುಟದೊಳಗೆ ಮನೆಯ ಯಜಮಾನನಿಗಿರುವಷ್ಟೇ ಅಧಿಕಾರ. ನಾವು ಆ ಪುಟದಲ್ಲಿ ಟೈಪ್ ಮಾಡುವ ಹೆಸರು, ಫೋನ್ ನಂಬರ್, ಕಾರ್ಡಿನ ಸಂಖ್ಯೆಯನ್ನೂ ಅದು ಓದಬಲ್ಲದು. ಹಾಗೆಂದು ವಿನಾಕಾರಣ ಹೆದರಬೇಕಾಗಿಲ್ಲ. ಪುಟದ ಸ್ಕ್ರಿಪ್ಟು ನಾವು ಅನುಮತಿ ಕೊಡದೆ ಫೋನಿನ ಫೋಟೋಗಳನ್ನೋ ಬೇರೆ ಆ್ಯಪ್‌ಗಳನ್ನೋ ತೆರೆಯಲಾರದು. ಅದರ ಬೇಲಿ ಆ ಪುಟ. ಆದರೆ ಆ ಬೇಲಿಯೊಳಗೆ ಸಾಕಷ್ಟು ಹಾನಿ ಮಾಡಬಹುದು.

2018ರಲ್ಲಿ ಬ್ರಿಟಿಷ್ ಏರ್‌ವೇಸ್ ವಿಮಾನ ಸಂಸ್ಥೆಯ ತಾಣದಲ್ಲಿ ಕಳ್ಳರು ಸೇರಿಸಿದ್ದು ಕೇವಲ 22 ಸಾಲಿನ ಸ್ಕ್ರಿಪ್ಟು. ಟಿಕೆಟ್ ಕೊಂಡ ಲಕ್ಷಾಂತರ ಜನರ ಕಾರ್ಡಿನ ವಿವರಗಳು ಹಣ ಕಟ್ಟುವ ಪುಟದಿಂದಲೇ ಕಳ್ಳರ ಕೈಸೇರಿದವು. ಅದೇ ವರ್ಷ ತಿರುಪತಿ ನಗರಪಾಲಿಕೆ ಸೇರಿದಂತೆ ನೆರೆಯ ಆಂಧ್ರಪ್ರದೇಶದ ಕೆಲವು ಪೌರಾಡಳಿತ ತಾಣಗಳಲ್ಲಿ, ನೋಡುವವರ ಯಂತ್ರವನ್ನು ದುಡಿಸಿಕೊಂಡು ಡಿಜಿಟಲ್ ನಾಣ್ಯ ಗಳಿಸುವ ಸ್ಕ್ರಿಪ್ಟು ಪತ್ತೆಯಾಯಿತು. ನಾಗರಿಕರು ತೆರಿಗೆಯ ವಿಷಯ ನೋಡುತ್ತಿದ್ದರೆ, ಅವರ ವಿದ್ಯುತ್ತು ಮತ್ತು ಬ್ಯಾಟರಿ ಬೇರೊಬ್ಬನ ಜೇಬಿಗೆ ದುಡಿಯುತ್ತಿತ್ತು. ಕಾರಣವಿಲ್ಲದೆ ಫೋನು ಬಿಸಿಯಾಗುವುದಕ್ಕೆ ಇದೂ ಒಂದು ಕಾರಣವಾಗಿರಬಹುದು.

ಸಾಮತಿಗೆ ಎಲ್ಲಕ್ಕಿಂತ ಹತ್ತಿರವಾದದ್ದು 2024ರ ಘಟನೆ. ಪಾಲಿಫಿಲ್ ಎಂಬ ಒಂದು ಉಪಕಾರಿ ಸ್ಕ್ರಿಪ್ಟು ಇತ್ತು. ಹಳೆಯ ಬ್ರೌಸರುಗಳಲ್ಲೂ ಹೊಸ ಪುಟಗಳು ಸರಿಯಾಗಿ ಕಾಣುವಂತೆ ಮಾಡುವುದು ಅದರ ಕೆಲಸ. 1 ಲಕ್ಷಕ್ಕೂ ಹೆಚ್ಚು ತಾಣಗಳು ಅದನ್ನು ನಂಬಿ ಕರೆಯುತ್ತಿದ್ದವು. ಆ ವರ್ಷದ ಫೆಬ್ರವರಿಯಲ್ಲಿ ಅದರ ವಿಳಾಸವನ್ನು ಹೊಸ ಕಂಪನಿಯೊಂದು ಕೊಂಡುಕೊಂಡಿತು. ಜೂನ್ ತಿಂಗಳಲ್ಲಿ ವಿಷಯ ಬಯಲಾಯಿತು. ಅದೇ ಸ್ಕ್ರಿಪ್ಟು ಮೊಬೈಲಿನಲ್ಲಿ ಓದುವವರನ್ನು ಆಯ್ದು ಬೆಟ್ಟಿಂಗ್ ತಾಣಗಳಿಗೆ ಎಳೆದೊಯ್ಯುತ್ತಿತ್ತು. ತಾಣಗಳ ಒಡೆಯರು ಒಂದಕ್ಷರವನ್ನೂ ಬದಲಿಸಿರಲಿಲ್ಲ, ಅವರಿಗೆ ಗೊತ್ತೂ ಇರಲಿಲ್ಲ. ಜನ ನಿದ್ರಿಸುತ್ತಿರುವಾಗ ಎಂದರೆ ಇದೇ ಅಲ್ಲವೇ? ಕೆಲವೇ ದಿನಗಳಲ್ಲಿ ಆ ವಿಳಾಸವನ್ನು ನಿಲ್ಲಿಸಲಾಯಿತೆನ್ನುವುದು ಸಮಾಧಾನ.

ಪರದೆಯ ಹಿಂದೆ ಯಾರೋ ಕೂತು ಕೆಲಸ ಮಾಡಬಹುದೆಂಬುದನ್ನು ಆಳಂದದ ಜನರಿಗೆ ಒತ್ತಿ ಹೇಳಬೇಕಾಗಿಲ್ಲ. 2023ರ ವಿಧಾನಸಭಾ ಚುನಾವಣೆಗೆ ಮೊದಲು ಆ ಕ್ಷೇತ್ರದ ಮತದಾರರ ಪಟ್ಟಿಯಿಂದ ಹೆಸರು ತೆಗೆಯುವಂತೆ ಆನ್‌ಲೈನಿನಲ್ಲಿ 6,018 ಅರ್ಜಿಗಳು ಬಂದಿದ್ದವು. ಪರಿಶೀಲಿಸಿದಾಗ ಸರಿಯಾಗಿದ್ದುದು 24 ಮಾತ್ರ. ಅದು ನಾವಿಲ್ಲಿ ಹೇಳುತ್ತಿರುವ ಬಗೆಯ ಸ್ಕ್ರಿಪ್ಟಿನ ಕಥೆಯಲ್ಲ, ಅದರ ತನಿಖೆಯ ದಾರಿಯೇ ಬೇರೆ. ಆದರೆ ತಮಗೆ ತಿಳಿಯದಂತೆ ತಮ್ಮ ಹೆಸರಿನಲ್ಲಿ ಕೆಲಸ ನಡೆಯಬಹುದು ಎಂಬ ಪಾಠ ಅಲ್ಲಿಯ ಮನೆಗಳಿಗೆ ಮುಟ್ಟಿದೆ.

ಹಾಗಾದರೆ ಬೇಡದ ಸ್ಕ್ರಿಪ್ಟುಗಳನ್ನು ತಡೆಯುವುದು ಹೇಗೆ? ದಾರಿಗಳು ಹಲವು. ಇಲ್ಲಿಯೇ ಆಯ್ಕೆಯ ಪ್ರಶ್ನೆ ಬರುವುದು.

ಎಲ್ಲಕ್ಕಿಂತ ಸುಲಭವಾದದ್ದು, ಹಾಗೂ ಎಲ್ಲಕ್ಕಿಂತ ಒರಟಾದದ್ದು, ಜಾವಾಸ್ಕ್ರಿಪ್ಟನ್ನು ಪೂರ್ತಿ ಬಂದ್ ಮಾಡುವುದು. ಕ್ರೋಮ್ ಬ್ರೌಸರಿನ ಸೆಟ್ಟಿಂಗ್ಸ್ ಒಳಗೆ ಸೈಟ್ ಸೆಟ್ಟಿಂಗ್ಸ್ ಎಂಬಲ್ಲಿ ಇದಕ್ಕೆ ಒಂದು ಗುಂಡಿ ಇದೆ. ಇದು ಇಡೀ ಹೊಲಕ್ಕೆ ಕಳೆನಾಶಕ ಹೊಡೆದಂತೆ. ಜಾಹೀರಾತು ಸಾಯುತ್ತದೆ, ಪಹಣಿಯೂ ಸಾಯುತ್ತದೆ. ಜಿಲ್ಲೆ ಆರಿಸಿದರೆ ತಾಲೂಕು ಬರುವುದಿಲ್ಲ. ಮನೆಬಳಕೆಗೆ ಇದನ್ನು ಯಾರಿಗೂ ಹೇಳಲು ನಮಗೆ ಮನಸ್ಸು ಬಾರದು.

ಎರಡನೆಯದು ಕುರಪಿ ಹಿಡಿದು ಕೂತು ಒಂದೊಂದೇ ಗಿಡ ನೋಡಿ ಕೀಳುವ ದಾರಿ. ಇಟಲಿಯ ಜಾರ್ಜಿಯೊ ಮಾವೊನೆ ಎಂಬುವರು 2005ರಲ್ಲಿ ಫೈರ್‌ಫಾಕ್ಸ್ ಬ್ರೌಸರಿಗಾಗಿ ನೋಸ್ಕ್ರಿಪ್ಟ್ ಎಂಬ ಉಪಕರಣವನ್ನು ಹೊರತಂದರು. ನಮ್ಮ ಗುಲ್ಬರ್ಗ ಧರ್ಮಕ್ಷೇತ್ರ ಸ್ಥಾಪನೆಯಾದದ್ದೂ ಅದೇ ವರ್ಷ, ಆದ್ದರಿಂದ ಈ ಇಸವಿ ನೆನಪಿಡಲು ಸುಲಭ! ನೋಸ್ಕ್ರಿಪ್ಟಿನ ತತ್ವ ಸರಳ: ಯಾವ ತಾಣವನ್ನೂ ನಂಬುವುದಿಲ್ಲ, ನೀವು ಹೇಳಿದರೆ ಮಾತ್ರ ಬಿಡುತ್ತೇನೆ. ಹೊಸ ತಾಣಕ್ಕೆ ಹೋದರೆ ಅದು ಕರೆಯುವ ಎಲ್ಲ ವಿಳಾಸಗಳ ಪಟ್ಟಿ ತೋರಿಸುತ್ತದೆ. ಯಾವುದು ನಂಬಿಕೆಗೆ ಅರ್ಹ, ಯಾವುದು ಅಲ್ಲ ಎಂದು ನಾವೇ ಗುರುತಿಸಬೇಕು. ಭದ್ರತೆಯ ದೃಷ್ಟಿಯಿಂದ ಇದು ಅತ್ಯುತ್ತಮ. ಆದರೆ ಒಂದು ಪುಟದಲ್ಲಿ ಹದಿನೈದು ಅಪರಿಚಿತ ಹೆಸರುಗಳು ಬಂದರೆ ಅವ್ವ ಏನು ಮಾಡಬೇಕು? ಎರಡು ದಿನ ಪ್ರಯತ್ನಿಸಿ, ಮೂರನೆಯ ದಿನ ಎಲ್ಲವನ್ನೂ ಬಿಡು ಎಂಬ ಗುಂಡಿ ಒತ್ತುತ್ತಾರೆ. ಅಲ್ಲಿಗೆ ಬೇಲಿಯೂ ಇಲ್ಲ, ಕಾವಲೂ ಇಲ್ಲ. ಸಾಮತಿಯ ಆಳುಗಳ ಕಷ್ಟವೂ ಇದೇ. ಉತ್ಸಾಹ ಇತ್ತು, ಎಳೆಯ ಗಿಡಗಳ ಗುರುತು ಇರಲಿಲ್ಲ.

ಮೂರನೆಯ ದಾರಿ ಎಡೆ ಹೊಡೆಯುವಂಥದು. ಎತ್ತು ಕಟ್ಟಿ ಸಾಲಿನ ನಡುವೆ ಕುಂಟೆ ಎಳೆದರೆ ಸಾಲು ಬಿಟ್ಟು ಬೆಳೆದದ್ದೆಲ್ಲ ಹೋಗುತ್ತದೆ, ಬೆಳೆ ಉಳಿಯುತ್ತದೆ. ಇಲ್ಲಿ ಕುಂಟೆ ಎಂದರೆ ಪಟ್ಟಿ. ಕೆಟ್ಟವೆಂದು ಈಗಾಗಲೇ ಗುರುತಾದ ಜಾಹೀರಾತು, ಹಿಂಬಾಲಿಕೆ ಮತ್ತು ವಂಚನೆಯ ವಿಳಾಸಗಳನ್ನು ಸ್ವಯಂಸೇವಕರು ಕೂಡಿಸಿ ಆಗಾಗ ಪರಿಷ್ಕರಿಸುತ್ತಾರೆ. ಉಪಕರಣವು ಆ ಪಟ್ಟಿಯಲ್ಲಿರುವುದನ್ನು ತಡೆದು ಮಿಕ್ಕದ್ದನ್ನು ಬಿಡುತ್ತದೆ. ಇವುಗಳಲ್ಲಿ ಹೆಸರಾದದ್ದು ಯುಬ್ಲಾಕ್ ಒರಿಜಿನ್. ಕೆನಡಾದ ರೇಮಂಡ್ ಹಿಲ್ ಎಂಬುವರು 2014ರಲ್ಲಿ ಆರಂಭಿಸಿದ್ದು. ಉಚಿತವಾದದ್ದು, ದೇಣಿಗೆಯನ್ನೂ ಅವರು ಸ್ವೀಕರಿಸುವುದಿಲ್ಲ.

ಕುಟುಂಬಕ್ಕೆ ಯಾವುದು ಎಂದು ಕೇಳಿದರೆ ನಮ್ಮ ಉತ್ತರ ಈ ಮೂರನೆಯದೇ. ಕಾರಣ ಅದು ಎಲ್ಲಕ್ಕಿಂತ ಬಿಗಿ ಎಂಬುದಲ್ಲ, ಅದು ಬಿಗಿಯೂ ಅಲ್ಲ. ಮನೆಯಲ್ಲಿ ಒಂದೇ ಫೋನು ನಾಲ್ಕು ಕೈಗಳಲ್ಲಿ ಓಡಾಡುತ್ತದೆ. ತಂತ್ರಜ್ಞಾನ ಕಡಿಮೆ ತಿಳಿದವರು ಕಿರಿಕಿರಿಯಿಲ್ಲದೆ ಬಳಸುವಂತಿದ್ದರೆ ಮಾತ್ರ ಅದು ಉಳಿಯುತ್ತದೆ. ಉಳಿಯದ ಬೇಲಿ ಎಷ್ಟು ಎತ್ತರವಿದ್ದರೇನು? ಧರ್ಮಕೇಂದ್ರದ ಕಚೇರಿಯ ಕಂಪ್ಯೂಟರಿನಲ್ಲಿ, ಒಬ್ಬರೇ ಬಳಸುವ ಕಡೆ, ತಿಳಿದವರು ನೋಸ್ಕ್ರಿಪ್ಟ್ ಹಾಕಿಕೊಳ್ಳಲಿ. ಅಲ್ಲಿ ಅದು ಯೋಗ್ಯ.

ಈಗ ಬ್ರೌಸರಿನ ವಿಷಯ. ನಮ್ಮ ಬಹುಪಾಲು ಆಂಡ್ರಾಯ್ಡ್ ಫೋನುಗಳಲ್ಲಿ ಮೊದಲೇ ಬಂದಿರುವುದು ಕ್ರೋಮ್. ಮೊಬೈಲಿನ ಕ್ರೋಮ್‌ಗೆ ಇಂಥ ಉಪಕರಣಗಳನ್ನು ಜೋಡಿಸಲು ಬರುವುದಿಲ್ಲ. ಕಂಪ್ಯೂಟರಿನ ಕ್ರೋಮ್‌ನಲ್ಲಿಯೂ 2024 ಮತ್ತು 2025ರಲ್ಲಿ ಗೂಗಲ್ ಕಂಪನಿ ನಿಯಮ ಬದಲಿಸಿದ್ದರಿಂದ ಪೂರ್ಣ ಯುಬ್ಲಾಕ್ ಒರಿಜಿನ್ ನಿಂತುಹೋಯಿತು, ಅದರ ಸಣ್ಣ ತಮ್ಮನಾದ ಲೈಟ್ ರೂಪ ಮಾತ್ರ ನಡೆಯುತ್ತದೆ. ಭದ್ರತೆಗಾಗಿ ಹೀಗೆ ಮಾಡಿದೆವೆಂದು ಕಂಪನಿ ಹೇಳುತ್ತದೆ. ಅದರ ಆದಾಯದ ಮೂಲವೇ ಜಾಹೀರಾತು ಎಂಬುದನ್ನು ಓದುಗರು ಮರೆಯಬಾರದು. ಲೈಟ್ ರೂಪವೂ ಏನೂ ಇಲ್ಲದ್ದಕ್ಕಿಂತ ಎಷ್ಟೋ ವಾಸಿ.

ಫೋನಿನಲ್ಲಿ ಫೈರ್‌ಫಾಕ್ಸ್ ಹಾಕಿಕೊಂಡರೆ ಅದರೊಳಗೆ ಯುಬ್ಲಾಕ್ ಒರಿಜಿನ್ ಪೂರ್ಣವಾಗಿಯೇ ನಡೆಯುತ್ತದೆ. ಫೈರ್‌ಫಾಕ್ಸಿನ ಮೆನುವಿನಲ್ಲಿ ಎಕ್ಸ್‌ಟೆನ್ಷನ್ಸ್ ಎಂಬಲ್ಲಿಂದಲೇ ಸೇರಿಸಬೇಕು, ಬೇರೆಲ್ಲಿಂದಲೂ ಅಲ್ಲ. ಜೋಡಿಸುವ ತೊಂದರೆಯೇ ಬೇಡವೆನ್ನುವವರಿಗೆ ಬ್ರೇವ್ ಎಂಬ ಬ್ರೌಸರ್ ಇದೆ, ಅದರಲ್ಲಿ ತಡೆಯುವ ವ್ಯವಸ್ಥೆ ಒಳಗೇ ಇರುತ್ತದೆ. ತಮಾಷೆಯೆಂದರೆ ಆ ಕಂಪನಿಯನ್ನು 2015ರಲ್ಲಿ ಹುಟ್ಟುಹಾಕಿದವರಲ್ಲಿ ಜಾವಾಸ್ಕ್ರಿಪ್ಟ್ ರಚಿಸಿದ ಅದೇ ಬ್ರೆಂಡನ್ ಐಕ್ ಒಬ್ಬರು. ಬ್ರೇವ್ ತನ್ನದೇ ಆದ ಜಾಹೀರಾತು ಬಹುಮಾನದ ಯೋಜನೆಯೊಂದನ್ನು ಮುಂದಿಡುತ್ತದೆ. ಬೇಡವೆಂದರೆ ಒಪ್ಪಬೇಕಾಗಿಲ್ಲ. ಹಿಂದೆ ನಮ್ಮ ಕಡೆ ಬಹಳ ಬಳಕೆಯಲ್ಲಿದ್ದ ಯುಸಿ ಬ್ರೌಸರನ್ನು ಕೇಂದ್ರ ಸರ್ಕಾರ 2020ರ ಜೂನ್‌ನಲ್ಲಿ ನಿಷೇಧಿಸಿದೆ. ಹಳೆಯ ಫೋನಿನಲ್ಲಿ ಇನ್ನೂ ಉಳಿದಿದ್ದರೆ ತೆಗೆದುಹಾಕುವುದು ಒಳ್ಳೆಯದು.

ಹೊಸ ಬ್ರೌಸರನ್ನು ಹಾಕಿದರಷ್ಟೇ ಸಾಲದು. ವಾಟ್ಸ್ಆ್ಯಪ್‌ನಲ್ಲಿ ಬಂದ ಕೊಂಡಿಯನ್ನು ಒತ್ತಿದರೆ ಅದು ಫೋನಿನ ಮುಖ್ಯ ಬ್ರೌಸರಿನಲ್ಲಿ ತೆರೆಯುತ್ತದೆ. ಮುಖ್ಯ ಬ್ರೌಸರ್ ಇನ್ನೂ ಕ್ರೋಮ್ ಆಗಿದ್ದರೆ ಫೈರ್‌ಫಾಕ್ಸ್ ಮೂಲೆಯಲ್ಲಿ ಸುಮ್ಮನೆ ಕೂತಿರುತ್ತದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಡೀಫಾಲ್ಟ್ ಆ್ಯಪ್ಸ್ ಎಂಬಲ್ಲಿ ಇದನ್ನು ಬದಲಿಸಬೇಕು. ಹಾಳು ಪುಟಗಳು ಬಹುಪಾಲು ವಾಟ್ಸ್ಆ್ಯಪ್ ದಾರಿಯಿಂದಲೇ ಬರುವುದರಿಂದ ಈ ಹೆಜ್ಜೆಯನ್ನು ಬಿಡಬೇಡಿ.

ಕುರಿಯ ವೇಷದ ತೋಳಗಳ ಬಗ್ಗೆಯೂ ಒಂದು ಮಾತು. 2018ರ ಏಪ್ರಿಲ್‌ನಲ್ಲಿ ಕ್ರೋಮ್ ಅಂಗಡಿಯಲ್ಲಿ ಐದು ನಕಲಿ ಜಾಹೀರಾತು ತಡೆಗಳು ಸಿಕ್ಕಿಬಿದ್ದವು. ಹೆಸರಾದ ಉಪಕರಣಗಳ ಹೆಸರನ್ನೇ ಹೋಲುವಂತೆ ಹೆಸರಿಟ್ಟುಕೊಂಡು 2 ಕೋಟಿ ಜನರ ಬ್ರೌಸರಿನೊಳಗೆ ಸೇರಿಕೊಂಡಿದ್ದವು. ತಡೆಯುವ ಉಪಕರಣವೇ ಎಲ್ಲ ಪುಟಗಳನ್ನೂ ಓದುವ ಅಧಿಕಾರ ಪಡೆಯುವುದರಿಂದ ನಕಲಿಯನ್ನು ಹಾಕಿಕೊಂಡರೆ ಕಳ್ಳನಿಗೆ ಕೀಲಿ ಕೊಟ್ಟಂತೆ. ಯುಬ್ಲಾಕ್ ಎಂಬುದೇ ಬೇರೆ, ಯುಬ್ಲಾಕ್ ಒರಿಜಿನ್ ಎಂಬುದೇ ಬೇರೆ. ಕೊನೆಯ ಪದವನ್ನು ನೋಡಿಯೇ ಹಾಕಿ, ತಯಾರಕರ ಹೆಸರು ರೇಮಂಡ್ ಹಿಲ್ ಎಂದಿರಬೇಕು.

ಇನ್ನೊಂದು ದಾರಿಯೂ ಇದೆ, ಹೊಲಕ್ಕೆ ನೀರು ಬರುವ ತೂಬನ್ನೇ ಮುಚ್ಚುವಂಥದು. 2018ರಲ್ಲಿ ಬಂದ ಆಂಡ್ರಾಯ್ಡ್ 9 ಮತ್ತು ಅನಂತರದ ಫೋನುಗಳಲ್ಲಿ ಪ್ರೈವೇಟ್ ಡಿಎನ್‌ಎಸ್ ಎಂಬ ಸೌಲಭ್ಯವಿದೆ. ಜಾಹೀರಾತು ತಡೆಯುವ ಸೇವೆಯೊಂದರ ವಿಳಾಸವನ್ನು ಅಲ್ಲಿ ಬರೆದರೆ ಬ್ರೌಸರಿನಲ್ಲಷ್ಟೇ ಅಲ್ಲ, ಬೇರೆ ಆ್ಯಪ್‌ಗಳಲ್ಲಿಯೂ ಕೆಲವು ಜಾಹೀರಾತುಗಳು ನಿಲ್ಲುತ್ತವೆ. ಆದರೆ ಒಂದು ತಾಣಕ್ಕೆ ಮಾತ್ರ ಸಡಿಲ ಬಿಡಲು ಬರುವುದಿಲ್ಲ, ಮತ್ತು ನಾವು ಯಾವ ಯಾವ ತಾಣಗಳಿಗೆ ಹೋಗುತ್ತೇವೆಂಬುದು ಆ ಸೇವೆಯವರಿಗೆ ತಿಳಿಯುತ್ತದೆ. ಮಕ್ಕಳು ಆಟದ ಆ್ಯಪ್‌ಗಳನ್ನು ಹೆಚ್ಚು ಬಳಸುವ ಮನೆಯಲ್ಲಿ ಮಾತ್ರ ಇದನ್ನು ಯೋಚಿಸಬಹುದು.

ಏನನ್ನೂ ಹೊಸದಾಗಿ ಹಾಕಲು ಆಗದವರು ಇಂದೇ ಮಾಡಬಹುದಾದ ಒಂದು ಕೆಲಸವಿದೆ. ಕ್ರೋಮ್‌ನ ಸೈಟ್ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ಸ್ ಎಂಬುದನ್ನು ಬಂದ್ ಮಾಡಿ. ಬ್ರೌಸರ್ ಮುಚ್ಚಿದಾಗಲೂ ಬರುವ 'ವೈರಸ್ ಬಂದಿದೆ', 'ಬಹುಮಾನ ಗೆದ್ದಿದ್ದೀರಿ' ಎಂಬ ಸಂದೇಶಗಳಲ್ಲಿ ಬಹಳಷ್ಟು ವೈರಸ್ಸಿನಿಂದ ಬರುವುದೇ ಇಲ್ಲ. ಎಂದೋ ಯಾವುದೋ ಪುಟ ಕೇಳಿದಾಗ ನಾವು ಅಲೋ ಎಂದು ಒತ್ತಿದ್ದರ ಫಲ ಅದು. ಪಾಪ್-ಅಪ್ಸ್ ಎಂಬುದೂ ಅಲ್ಲಿಯೇ ಬಂದ್ ಆಗಿರಲಿ.

ಇಲ್ಲಿ ಒಂದು ನೈತಿಕ ಪ್ರಶ್ನೆಯನ್ನು ಬದಿಗಿಡಲಾಗದು. ಕನ್ನಡದ ಸುದ್ದಿತಾಣವೊಂದು ನಮಗೆ ಉಚಿತವಾಗಿ ಸುದ್ದಿ ಕೊಡುತ್ತದೆ. ವರದಿಗಾರರ ಸಂಬಳ ಜಾಹೀರಾತಿನಿಂದಲೇ ಬರಬೇಕು. ದುಡಿದವನಿಗೆ ಕೂಲಿ ಸಲ್ಲಬೇಕೆಂಬುದು ಧರ್ಮಸಭೆಯ ಹಳೆಯ ಬೋಧನೆ. ಎಲ್ಲ ಜಾಹೀರಾತನ್ನೂ ತಡೆದರೆ ಅವರಿಗೆ ಅನ್ಯಾಯವಾಗುವುದಿಲ್ಲವೇ? ಆಗುತ್ತದೆ. ಆದರೆ ನಮ್ಮನ್ನು ಹಿಂಬಾಲಿಸುವ, ಮಕ್ಕಳಿಗೆ ಬೆಟ್ಟಿಂಗ್ ತೋರಿಸುವ ಸ್ಕ್ರಿಪ್ಟನ್ನು ಮನೆಯೊಳಗೆ ಬಿಡಬೇಕೆಂಬ ಋಣ ನಮಗಿಲ್ಲ. 2022ರ ಡಿಸೆಂಬರ್‌ನಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ತಾನೇ ಜಾಹೀರಾತು ತಡೆ ಬಳಸುವಂತೆ ಜನರಿಗೆ ಸಲಹೆ ಕೊಟ್ಟಿತು, ಹುಡುಕಾಟದ ಫಲಿತಾಂಶಗಳಲ್ಲಿ ಜಾಹೀರಾತಿನ ರೂಪದಲ್ಲಿ ನಕಲಿ ತಾಣಗಳು ಬರುತ್ತಿದ್ದ ಕಾರಣಕ್ಕೆ. ದಿನವೂ ಓದುವ, ಸಭ್ಯವಾಗಿ ನಡೆದುಕೊಳ್ಳುವ ತಾಣಕ್ಕೆ ತಡೆಯನ್ನು ಸಡಿಲಿಸಿ, ಅಥವಾ ಚಂದಾ ಕೊಟ್ಟು ಓದಿ. ಹೀಗೆ ಮಾಡುವುದು ನ್ಯಾಯವೆಂದು ನಮ್ಮ ಅನಿಸಿಕೆ.

ಎಡೆಕುಂಟೆಗೂ ಮಿತಿ ಇದೆ. ಸಾಲಿನ ನಡುವಿನ ಕಸವನ್ನು ಅದು ತೆಗೆಯುತ್ತದೆ, ಗಿಡದ ಬುಡಕ್ಕೇ ಅಂಟಿಕೊಂಡು ಬೆಳೆದದ್ದು ಉಳಿದುಬಿಡುತ್ತದೆ. ಬ್ರಿಟಿಷ್ ಏರ್‌ವೇಸ್ ತಾಣದ ಸ್ಕ್ರಿಪ್ಟು ಅಂಥದ್ದು, ಅದು ಸಂಸ್ಥೆಯ ಸ್ವಂತ ಸ್ಕ್ರಿಪ್ಟಿನೊಳಗೇ ಅಡಗಿತ್ತು. ಯಾವ ಪಟ್ಟಿಯೂ ಮೊದಲ ದಿನವೇ ಅದನ್ನು ಹಿಡಿಯಲಾರದು. ಬ್ಯಾಂಕಿನವರಂತೆ ಮಾತನಾಡಿ ಫೋನಿನಲ್ಲೇ ಓಟಿಪಿ ಕೇಳುವವನನ್ನೂ ಯಾವ ಬ್ರೌಸರೂ ತಡೆಯಲಾರದು. ಆದ್ದರಿಂದ ಹಣ ಕಟ್ಟುವಾಗ ವಿಳಾಸ ನೋಡುವ ಅಭ್ಯಾಸ, ಓಟಿಪಿ ಯಾರಿಗೂ ಹೇಳದ ಅಭ್ಯಾಸ ಹಾಗೆಯೇ ಇರಬೇಕು. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಹಣವನ್ನು ದಾರಿಯಲ್ಲಿಯೇ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಮನೆಯಲ್ಲಿ ಇದನ್ನು ಯಾರು ಮಾಡಬೇಕು? ಹಿರಿಯ ಮಗ ಪುಣೆಯಲ್ಲೋ ಬೆಂಗಳೂರಿನಲ್ಲೋ ದುಡಿಯುತ್ತಿರುತ್ತಾನೆ. ಕ್ರಿಸ್ಮಸ್ಸಿಗೋ ಊರಿನ ಹಬ್ಬಕ್ಕೋ ಬಂದಾಗ ಒಂದು ಅರ್ಧ ಗಂಟೆ ಕೂತು ಅವ್ವ ಅಪ್ಪನ ಫೋನಿನಲ್ಲಿ ಮಾಡಿಕೊಟ್ಟು ಹೋದರೆ ವರ್ಷವಿಡೀ ನಡೆಯುತ್ತದೆ. ಇಲ್ಲದಿದ್ದರೆ ಧರ್ಮಕೇಂದ್ರದ ಯುವಜನರು ಭಾನುವಾರದ ಬಲಿಪೂಜೆಯ ನಂತರ ಒಂದು ಮೇಜು ಹಾಕಿ ಕೂರಬಹುದು. 2025ರ ಸೆಪ್ಟೆಂಬರ್ 7ರಂದು ವಿಶ್ವಗುರು ಹದಿನಾಲ್ಕನೇ ಲಿಯೋರವರು ಸಂತರೆಂದು ಘೋಷಿಸಿದ ಕಾರ್ಲೊ ಅಕ್ಯುಟಿಸ್ 15ನೇ ವಯಸ್ಸಿನಲ್ಲಿ ತೀರಿಕೊಂಡವರು. ಪರಮಪ್ರಸಾದದ ಅದ್ಭುತಗಳ ಬಗ್ಗೆ ಜಾಲತಾಣ ರೂಪಿಸಿದ ಆ ಬಾಲಕನ ಹಬ್ಬ ಅಕ್ಟೋಬರ್ 12. ಅಂಥ ಮೇಜಿಗೆ ಅದು ತಕ್ಕ ದಿನ.

ಮೇಜಿಗೆ ಬಂದವರಿಗೆ ಕೊನೆಯಲ್ಲಿ ಒಂದನ್ನು ಕೈಯಲ್ಲೇ ಮಾಡಿಸಿ ತೋರಿಸಬೇಕು. ಪಹಣಿಯ ಪುಟವೋ ವಿದ್ಯಾರ್ಥಿವೇತನದ ಪುಟವೋ ಸರಿಯಾಗಿ ತೆರೆಯದಿದ್ದರೆ ಫೈರ್‌ಫಾಕ್ಸಿನ ಮೆನು, ಎಕ್ಸ್‌ಟೆನ್ಷನ್ಸ್, ಯುಬ್ಲಾಕ್ ಒರಿಜಿನ್ ಒತ್ತಿ. ಅಲ್ಲಿ ಕಾಣುವ ದೊಡ್ಡ ಗುಂಡಿಯನ್ನು ಒಮ್ಮೆ ಒತ್ತಿದರೆ ಆ ತಾಣಕ್ಕೆ ಮಾತ್ರ ತಡೆ ನಿಲ್ಲುತ್ತದೆ, ಬೇರೆ ತಾಣಗಳಿಗೆ ಹಾಗೆಯೇ ಇರುತ್ತದೆ. ಪುಟವನ್ನು ಮತ್ತೆ ತೆರೆಯಿರಿ. ಕೆಲಸ ಮುಗಿದ ಮೇಲೆ, ಸರ್ಕಾರದ ತಾಣವಾದರೆ ಹಾಗೆಯೇ ಬಿಡಿ. ಬೇರೆ ಯಾವುದಾದರೂ ತಾಣವಾದರೆ ಅದೇ ಗುಂಡಿಯನ್ನು ಇನ್ನೊಮ್ಮೆ ಒತ್ತಿ.